ಹೂವಿನ ಫೋಟೋ: ಯಾವುದನ್ನು ಇಟ್ಟುಕೊಳ್ಳಬೇಕು?

ಹಿತ್ತಿಲಲ್ಲಿ ದಾಸವಾಳ ಅರಳಿತೆಂದರೆ ಸಾಕು, ಮೊಬೈಲು ಹಿಡಿದು ಹತ್ತಿರದಿಂದ ಹತ್ತಾರು ಫೋಟೋ ತೆಗೆದುಬಿಡುತ್ತೇವೆ. ಮನೆಯವರಿಗೆ ತೋರಿಸಿದರೆ ಎಲ್ಲದಕ್ಕೂ "ಚೆನ್ನಾಗಿದೆ ಕಣೇ" ಎಂಬ ಒಂದೇ ಉತ್ತರ! ದಾಸವಾಳ ಬಹುಪಾಲು ಒಂದೇ ದಿನದ ಹೂವು. ಅದು ಮುದುಡಿದ ಮೇಲೆ ಉಳಿಯುವುದು ಫೋಟೋ ಮಾತ್ರ. ಆದ್ದರಿಂದ ಒಳ್ಳೆಯದನ್ನೇ ಆರಿಸಿ ಇಡಬೇಡವೇ? ಮಲ್ಲಿಗೆ ಮಾಲೆಯನ್ನು ತಿರುಗಿಸಿ ನೋಡಿಯೇ ಕೊಳ್ಳುವ ನಿಮಗೆ ಈ ಪರೀಕ್ಷೆ ಏನೂ ಕಷ್ಟವಲ್ಲ.

ಮೊದಲು ಸ್ಪಷ್ಟತೆ: ಫೋಟೋವನ್ನು ಹಿಗ್ಗಿಸಿ ನೋಡಿ. ಐದೆಸಳಿನ ದಾಸವಾಳದ ನಡುವಿನಿಂದ ಹೊರಚಾಚಿದ ದಂಡದ ತುದಿಯಲ್ಲಿ ಐದು ಪುಟ್ಟ ಗುಂಡುಗಳಿರುತ್ತವೆ. ಅದರ ಕೆಳಗೆ ಹಳದಿ ಪರಾಗ. ಅವು ಬಿಡಿಬಿಡಿಯಾಗಿ ಕಾಣಬೇಕು. ಹತ್ತಿರ ಹೋದಷ್ಟೂ ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಹಿಂದಿನ ಎಸಳು ಮಸುಕಾದರೆ ಚಿಂತೆಯಿಲ್ಲ. ಆದರೆ ಹಿಂದಿನ ಎಲೆ ಸ್ಪಷ್ಟವಾಗಿದ್ದು ಹೂವೇ ಮಸುಕಾಗಿದ್ದರೆ ಆ ಫೋಟೋ ಬೇಡ. ಗಾಳಿ ಬೀಸುವಾಗ ತೆಗೆದದ್ದರಲ್ಲಿ ಈ ದೋಷ ಹೆಚ್ಚು.

ಎರಡನೆಯದು ಬೆಳಕು: ಎಸಳಿನ ನರಗಳು ಕಾಣುತ್ತವೆಯೇ? ನಡುಹಗಲ ಬಿಸಿಲಿನಲ್ಲಿ ಕೆಂಪು ಹೂವು ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂತೆ ಆಗಿಬಿಡುತ್ತದೆ. ಮಲ್ಲಿಗೆಯಾದರೆ ಸುಣ್ಣ ಬಳಿದಂತೆ ಬರೀ ಬಿಳುಪು. ಬೆಳಗಿನ ಎಳೆಬಿಸಿಲು ಅಥವಾ ಮೋಡದ ಹೊತ್ತು ಒಳ್ಳೆಯದು. ಬಿಸಿಲಿದ್ದರೆ ಹೂವಿಗೂ ಸೂರ್ಯನಿಗೂ ನಡುವೆ ತೆಳ್ಳನೆಯ ಬಿಳಿ ಪಂಚೆಯನ್ನು ಯಾರಾದರೂ ಹಿಡಿದರೂ ಸರಿಯೇ.

ಮೂರನೆಯದು ಹಿನ್ನೆಲೆ: ಫೋಟೋದ ನಾಲ್ಕು ಮೂಲೆಗಳನ್ನೂ ನೋಡಿ. ಬಟ್ಟೆ ಒಣಹಾಕಿದ ಹಗ್ಗ, ನೀಲಿ ಬಕೆಟ್ಟು ಇಣುಕುತ್ತಿದ್ದರೆ ಕಣ್ಣು ಹೂವನ್ನು ಬಿಟ್ಟು ಅತ್ತಲೇ ಓಡುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ತಪ್ಪುತ್ತಿತ್ತು! ದಂಡ ಯಾವ ಕಡೆ ಬಾಗಿದೆಯೋ ಆ ಕಡೆ ಸ್ವಲ್ಪ ಜಾಗ ಬಿಟ್ಟಿದ್ದರೆ ಚಿತ್ರ ಉಸಿರಾಡುತ್ತದೆ.

ಕೊನೆಯದು ಆಕಾರ. ಜರ್ಮನಿಯ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡಗಳ ಮೊಗ್ಗು, ಚಿಗುರು, ಕಾಯಿಗಳನ್ನು ಅತಿ ಹತ್ತಿರದಿಂದ ತೆಗೆದ ಚಿತ್ರಗಳ ಪುಸ್ತಕ 1928ರಲ್ಲಿ ಬಂತು. ಎಲ್ಲವೂ ಕಪ್ಪು ಬಿಳುಪು. ಆದರೂ ಸುರುಳಿ ಬಿಚ್ಚುತ್ತಿರುವ ಜರಿಗಿಡದ ಚಿಗುರು ಕಮ್ಮಾರ ಬಗ್ಗಿಸಿದ ಕಬ್ಬಿಣದ ಕುಸುರಿಯಂತೆ ಬೆರಗು ಹುಟ್ಟಿಸುತ್ತದೆ. ನಿಮ್ಮ ಫೋಟೋವನ್ನೂ ಮೊಬೈಲಿನಲ್ಲಿ ಒಮ್ಮೆ ಕಪ್ಪು ಬಿಳುಪು ಮಾಡಿ ನೋಡಿ. ಬಣ್ಣ ಹೋದ ಮೇಲೂ ನೋಡಬೇಕೆನಿಸಿದರೆ ಅದು ಗಟ್ಟಿ ಚಿತ್ರ.

ಹೂವಿನ ಮೇಲೆ ನೀರು ಚಿಮುಕಿಸಿ ತೆಗೆದ ಫೋಟೋ ಕಂಡಕೂಡಲೇ ಮರುಳಾಗಬೇಡಿ. ಹನಿ ಹೊಳೆಯುತ್ತಿದ್ದು ಹೂವು ಮಸುಕಾಗಿದ್ದರೆ ಏನು ಬಂತು? ಅಂಚು ಕಂದಿದ ಎಸಳಿಗೂ ಹನಿ ಮರೆಯಾಗದು. ಆದರೆ ಎಸಳಿನ ಮೇಲೆ ಉದುರಿದ ಪರಾಗ, ಹೊಕ್ಕು ಹೊರಡುವ ಇರುವೆ ದೋಷವಲ್ಲ. ಅದು ಹೂವಿನ ಸಂಸಾರ.

ಹೀಗೆ ಸೋಸಿದರೆ ಹತ್ತರಲ್ಲಿ ಒಂದು ಉಳಿದೀತು. ಬೇಸರ ಬೇಡ. ಆ ಒಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿ. ಮಿಕ್ಕದ್ದನ್ನು ಅಳಿಸಿಬಿಡಿ, ನಾಳೆ ಬೆಳಿಗ್ಗೆ ಇನ್ನೊಂದು ಹೂವು ಅರಳುತ್ತದೆ.