ಮನೆಯ ಸಂಗೀತಕ್ಕೆ ತಕ್ಕ ಆಂಪ್ಲಿಫೈಯರು

ಸಂಗೀತವನ್ನು ಮನೆಯಲ್ಲಿ ಕುಳಿತು ಕೇಳುವ ಅಭಿರುಚಿಯುಳ್ಳ ಗೃಹಸ್ಥರು ಒಂದಿಲ್ಲೊಂದು ದಿನ ಆಂಪ್ಲಿಫೈಯರೆಂಬ ಪೆಟ್ಟಿಗೆಯನ್ನು ಕೊಳ್ಳಬೇಕಾಗುವುದು. ಹಾಡನ್ನು ತರುವ ಯಂತ್ರವು ಗ್ರಾಮಫೋನಾಗಲಿ, ಕ್ಯಾಸೆಟ್ಟಾಗಲಿ, ಕೈಯಲ್ಲಿಯ ಫೋನೇ ಆಗಲಿ, ಅದರಿಂದ ಹೊರಡುವ ವಿದ್ಯುತ್ತು ಬಹು ಕ್ಷೀಣವಾದುದು. ಸ್ಪೀಕರಿನ ಶಂಕುವನ್ನು ಅಲುಗಿಸುವಷ್ಟು ಬಲವನ್ನು ಅದಕ್ಕೆ ತುಂಬುವುದೇ ಈ ಪೆಟ್ಟಿಗೆಯ ಕೆಲಸ. ಕೆಲಸವು ಇಷ್ಟೇ ಆದರೂ ಅದರ ಬೆಲೆಯು ಕೆಲವು ಸಾವಿರದಿಂದ ಕೆಲವು ಲಕ್ಷ ರೂಪಾಯಿಗಳವರೆಗೆ ಹರಡಿಕೊಂಡಿರುವುದರಿಂದ ಮಿತವಾದ ಆದಾಯದವರು ದಿಕ್ಕುಗಾಣದೆ ನಿಲ್ಲುವುದು ಸಹಜವೇ ಸರಿ. ನಾವೂ ಹಾಗೆ ನಿಂತವರು, ಒಮ್ಮೆ ಹಣ ಕಳೆದುಕೊಂಡವರು. ಆದುದರಿಂದಲೇ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಧೈರ್ಯಮಾಡಿದ್ದೇವೆ.

ನಮ್ಮ ತೀರ್ಥರೂಪರಿಗೆ ಈಗ ೮೪ ವರ್ಷ. ಕಣ್ಣು ಮಂಜಾದಂದಿನಿಂದ ಓದು ನಿಂತುಹೋಯಿತು. ಮಧ್ಯಾಹ್ನದ ನಿದ್ರೆ ತಿಳಿದೆದ್ದ ಮೇಲೆ ಒಂದು ಗಂಟೆಯ ಕಾಲ ಮಲ್ಲಿಕಾರ್ಜುನ ಮನ್ಸೂರರ ಅಥವಾ ಗಂಗೂಬಾಯಿ ಹಾನಗಲ್ಲರ ಗಾಯನವನ್ನು ಕೇಳುವುದೇ ಅವರಿಗೆ ಉಳಿದಿರುವ ದೊಡ್ಡ ಸುಖ. ಕಳೆದ ಮಳೆಗಾಲದಲ್ಲಿ ಸಿಡಿಲಿನ ಹೊಡೆತಕ್ಕೆ ನಮ್ಮ ಹಳೆಯ ಆಂಪ್ಲಿಫೈಯರು ಸುಟ್ಟುಹೋಯಿತು. ಸ್ಪೀಕರುಗಳೆರಡೂ ದೈವವಶಾತ್ ಉಳಿದುಕೊಂಡವು. ನಾವು ಹಣವನ್ನು ಕಟ್ಟಿಕೊಂಡು ಪೇಟೆಗೆ ಹೋದೆವು. ಅಂಗಡಿಯವರು ನೀಲಿ ದೀಪಗಳು ಕುಣಿಯುವ ಪೆಟ್ಟಿಗೆಯೊಂದನ್ನು ತೋರಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ‘೪೦೦೦ ವ್ಯಾಟ್’ ಎಂಬುದರತ್ತ ಬೆರಳುಮಾಡಿದರು. ಆರೂವರೆ ಸಾವಿರಕ್ಕೆ ನಾಲ್ಕು ಸಾವಿರ ವ್ಯಾಟು ದೊರೆಯುವುದಾದರೆ ಬೇಡವೆನ್ನುವವರುಂಟೆ? ತಂದೆವು.

ಮೊದಲನೆಯ ಮಧ್ಯಾಹ್ನವೇ ದೋಷವು ಬೈಲಾಯಿತು. ಆಲಾಪದಲ್ಲಿ ಮನ್ಸೂರರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ತಂಬೂರಿಯೊಂದೇ ಕೇಳಬೇಕಷ್ಟೆ. ಅದರ ಕೆಳಗೆ ‘ಗುಂಯ್’ ಎಂಬ ಇನ್ನೊಂದು ನಾದವು ಎಡೆಬಿಡದೆ ಹರಿಯುತ್ತಿತ್ತು. ತೀರ್ಥರೂಪರು ಕಿವಿಗೊಟ್ಟು ಕೇಳಿ, “ಈ ಎರಡನೆಯ ತಂಬೂರಿ ಯಾರದಪ್ಪಾ? ಶ್ರುತಿ ಸೇರಿಲ್ಲವಲ್ಲ” ಎಂದರು. ನಾವು ನಕ್ಕೆವು. ಮೂರನೆಯ ದಿನ ಹಚ್ಚಲು ಹೋದಾಗ “ಇವತ್ತು ಬೇಡ ಬಿಡು” ಎಂದರು. ನಾಲ್ಕನೆಯ ದಿನವೂ ಅದೇ ಮಾತು. ಆಗ ನಗು ನಿಂತಿತು. ಅಂಗಡಿಯವರು ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ನಾವು ಈ ವಿಷಯವನ್ನು ತಿಳಿದವರಿಂದ ಕೇಳಿಯೂ ಪುಸ್ತಕಗಳಿಂದ ಓದಿಯೂ ಕಲಿಯತೊಡಗಿದೆವು.

ಕಲಿತುದರಲ್ಲಿ ಮೊದಲನೆಯದೂ ಮುಖ್ಯವಾದುದೂ ಏನೆಂದರೆ, ಮನೆಗೆ ಬೇಕಾಗುವ ಬಲವು ಬಹಳ ಅಲ್ಪವೆಂಬುದು. ಸ್ಪೀಕರಿನ ಹಿಂಭಾಗದಲ್ಲೋ ಅದರ ಜೊತೆಯ ಕಾಗದದಲ್ಲೋ ೮೬ ಅಥವಾ ೮೭ ಡೆಸಿಬೆಲ್ ಎಂಬಂತೆ ಒಂದು ಸಂಖ್ಯೆಯಿರುವುದು. ಒಂದು ವ್ಯಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ ಅಷ್ಟು ಧ್ವನಿ ಹುಟ್ಟುವುದೆಂದು ಅದರ ಅರ್ಥ. ನಾವು ನೀವು ಆಡುವ ಮಾತು ಸುಮಾರು ೬೦ ಡೆಸಿಬೆಲ್. ಎಂದಮೇಲೆ ಸಾಧಾರಣವಾದ ಕೋಣೆಯಲ್ಲಿ ಎಂಟು ಹತ್ತು ಅಡಿ ದೂರ ಕುಳಿತು ಕೇಳುವವರಿಗೆ ಹೆಚ್ಚಿನ ಹೊತ್ತು ಒಂದು ವ್ಯಾಟೇ ಧಾರಾಳವಾಯಿತು. ತಬಲದ ಬಲವಾದ ಪೆಟ್ಟು ಬಿದ್ದಾಗ ಮಾತ್ರ ಆ ಕ್ಷಣಕ್ಕೆ ಹತ್ತರಷ್ಟೋ ಇಪ್ಪತ್ತರಷ್ಟೋ ಬಲ ಬೇಕಾಗುವುದು. ನಿಜವಾದ ೨೦-೩೦ ವ್ಯಾಟು ಇದ್ದರೆ ಮನೆಯ ಕೆಲಸ ನಡೆದುಹೋಗುತ್ತದೆ. ಇದಕ್ಕಿಂತ ಹೆಚ್ಚೆಂದು ೬೦ ವ್ಯಾಟಿನದನ್ನು ತಂದರೆ ಧ್ವನಿಯು ಇಮ್ಮಡಿಯಾಗುವುದೆಂದು ತಿಳಿಯಬಾರದು. ವ್ಯಾಟು ಇಮ್ಮಡಿಯಾದರೆ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆಂದು ತೋರಬೇಕಾದರೆ ಹೆಚ್ಚುಕಡಿಮೆ ಹತ್ತುಮಡಿ ವ್ಯಾಟು ಬೇಕು.

ಹಾಗಾದರೆ ಆ ೪೦೦೦ ಎಲ್ಲಿಂದ ಬಂತು? ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ‘ಪಿ.ಎಂ.ಪಿ.ಓ.’ ಎಂದು ಬರೆದಿತ್ತು. ಈ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಮಾರುವವರ ಔದಾರ್ಯವಿದ್ದಷ್ಟು ಬರೆಯಬಹುದು. ಇಂಥ ಉಬ್ಬಿದ ಸಂಖ್ಯೆಗಳ ಹಾವಳಿ ತಡೆಯಲೆಂದೇ ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ನಿನವರು ೧೯೭೪ರಲ್ಲಿ ನಿಯಮ ಮಾಡಬೇಕಾಯಿತು. ಕೊಳ್ಳುವವರು ನೋಡತಕ್ಕದ್ದು ‘ಆರ್.ಎಂ.ಎಸ್.’ ಎಂದು ಹೇಳಿದ ವ್ಯಾಟನ್ನು; ಅದೂ ಎಷ್ಟು ಓಮಿನ ಸ್ಪೀಕರಿಗೆ, ಧ್ವನಿ ಎಷ್ಟು ವಿಕಾರವಾದಾಗ ಎಂಬುದನ್ನು ಸೇರಿಸಿ. ನೂರಕ್ಕೆ ೧೦ರಷ್ಟು ವಿಕಾರವನ್ನು ಒಪ್ಪಿಕೊಂಡು ಬರೆದ ವ್ಯಾಟು ದೊಡ್ಡದಾಗಿ ಕಾಣುವುದು. ಅದೇ ಯಂತ್ರವನ್ನು ನೂರಕ್ಕೆ ಒಂದರ ಮಿತಿಯಲ್ಲಿ ಅಳೆದರೆ ಸಂಖ್ಯೆ ಇಳಿಯುವುದು.

ಅಂಗೈಯಗಲದ ಸಣ್ಣ ಪೆಟ್ಟಿಗೆಗಳು ಈಗ ಬಹಳ ಬಂದಿವೆ. ‘ಕ್ಲಾಸ್ ಡಿ’ ಎಂಬ ಈ ಜಾತಿಯವು ವಿದ್ಯುತ್ತನ್ನು ಶಾಖಮಾಡಿ ಪೋಲುಮಾಡುವುದು ಕಡಿಮೆ. ಒಳ್ಳೆಯವೂ ಇವೆ, ಅವುಗಳನ್ನು ನಾವು ಹಳಿಯುವುದಿಲ್ಲ. ಆದರೆ ಮೈಮೇಲೆ ‘೧೦೦+೧೦೦ ವ್ಯಾಟ್’ ಎಂದಿದ್ದರೆ ಜೊತೆಗೆ ಕೊಟ್ಟ ಅಡಾಪ್ಟರನ್ನು ತಿರುಗಿಸಿ ಓದಬೇಕು. ೧೯ ವೋಲ್ಟ್, ೩ ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಬರುವುದು ೫೭. ಐವತ್ತೇಳು ಕೊಡ ನೀರು ಬರುವ ಬಾವಿಯಿಂದ ಇನ್ನೂರು ಕೊಡ ಸೇದುವುದುಂಟೆ? ಇಂಥದು ೮ ಓಮಿನ ಸ್ಪೀಕರಿಗೆ ಒಂದೊಂದು ಪಕ್ಕಕ್ಕೆ ಸುಮಾರು ೨೦ ವ್ಯಾಟು ಕೊಟ್ಟೀತು. ೧೨ ವೋಲ್ಟಿನ ಅಡಾಪ್ಟರಾದರೆ ಒಂಬತ್ತನ್ನೂ ಮುಟ್ಟಲಾರದು. ಇಪ್ಪತ್ತು ಸಾಲದೆಂದಲ್ಲ, ಇಪ್ಪತ್ತನ್ನು ನೂರೆಂದು ನಂಬಿ ಹಣ ಕೊಡಬಾರದು. ಇನ್ನು ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಹಳೆಯ ಕಾಲದ ಗಾಜಿನ ವಾಲ್ವನ್ನು ನಿಲ್ಲಿಸಿ, ಅದು ಕೆಂಪಗೆ ಉರಿಯುವಂತೆ ತೋರಲೆಂದು ಕೆಳಗೆ ಒಂದು ಪುಟ್ಟ ದೀಪವನ್ನಿಡುವರು. ದೀಪಕ್ಕೂ ಸಂಗೀತಕ್ಕೂ ಏನೂ ಸಂಬಂಧವಿಲ್ಲ.

ಅಲ್ಪಬಲದ ಪ್ರಾಮಾಣಿಕ ಯಂತ್ರವೊಂದರ ದೃಷ್ಟಾಂತ ಬೇಕಾದರೆ ಎನ್.ಎ.ಡಿ. ಸಂಸ್ಥೆಯವರು ೧೯೭೮ರಲ್ಲಿ ಹೊರತಂದ ೩೦೨೦ ಎಂಬುದನ್ನು ಹೇಳಬೇಕು. ಅದರ ಬಲವು ಬರಿಯ ೨೦ ವ್ಯಾಟೆಂದು ಅವರೇ ಬರೆದುಕೊಂಡರು. ಬೆಲೆಯೂ ಮಿತವಾಗಿತ್ತು. ಕ್ಷಣಮಾತ್ರದ ಹೆಚ್ಚಿನ ಬೇಡಿಕೆಗೆ ಅಂಜದ ವಿದ್ಯುತ್ ವ್ಯವಸ್ಥೆ ಒಳಗಿದ್ದುದರಿಂದ ದುಬಾರಿ ಯಂತ್ರಗಳ ಎದುರಿಗೆ ನಿಂತು ಜಗತ್ತಿನಾದ್ಯಂತ ಹೆಸರು ಗಳಿಸಿತು.

ಬಲದ ಮಾತು ಸಾಕು. ನಾವು ಹಣ ಕೊಟ್ಟು ಕೊಳ್ಳಬೇಕಾದುದು ನಿಶ್ಶಬ್ದವನ್ನು. ನಮ್ಮ ಸಂಗೀತದಲ್ಲಿ ತಂಬೂರಿ ಎಂದೂ ನಿಲ್ಲುವುದಿಲ್ಲ, ಗಾಯಕರು ದನಿಯನ್ನು ಎಳೆಯಷ್ಟು ಸಣ್ಣದಾಗಿಸುವುದುಂಟು. ಅಲ್ಲಿ ಸೇರಿಕೊಂಡ ಝೇಂಕಾರವು ಸಿನಿಮಾ ಹಾಡಿನ ಅಬ್ಬರದಲ್ಲಿ ಮುಚ್ಚಿಹೋದಂತೆ ಮುಚ್ಚಿಹೋಗದು. ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸುಲಭ. ಹಾಡನ್ನು ನಿಲ್ಲಿಸಿ, ಧ್ವನಿಯ ಗುಂಡಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲೆ ತಿರುಗಿಸಿ, ಸ್ಪೀಕರಿನಿಂದ ಎರಡು ಮೊಳ ದೂರದಲ್ಲಿ ಕಿವಿಗೊಡಬೇಕು. ಅಲ್ಲಿ ಏನೂ ಕೇಳದಿದ್ದರೆ ಉತ್ತಮ. ಗುಂಡಿಯನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ‘ಕರಕರ’ ಎನ್ನಬಾರದು. ತೀರ ಸಣ್ಣ ಧ್ವನಿಯಲ್ಲಿ ಎಡಗಡೆಯೂ ಬಲಗಡೆಯೂ ಸಮನಾಗಿ ನುಡಿಯಬೇಕು. ಜೊತೆಯಲ್ಲಿ ಮನೆಯವರಿಗೆ ಬಳಕೆಯಾದ ಒಂದು ಗಾಯನವನ್ನು ಒಯ್ದಿರಬೇಕು, ಅಂಗಡಿಯವರು ಹಚ್ಚುವುದನ್ನಲ್ಲ.

ಸ್ಪೀಕರು ಎಷ್ಟು ಓಮಿನದೆಂದು ಹೊರಡುವ ಮೊದಲೇ ನೋಡಿ ಬರೆದುಕೊಳ್ಳುವುದು ಲೇಸು. ೪ ಓಮಿನದು ೮ ಓಮಿನದಕ್ಕಿಂತ ಇಮ್ಮಡಿ ವಿದ್ಯುತ್ತನ್ನು ಎಳೆಯುವುದು. ಅದನ್ನು ತಾಳದ ಆಂಪ್ಲಿಫೈಯರು ಬೆಚ್ಚಗಾಗಿ ಕೈಕೊಡುವುದು. ಗ್ರಾಮಫೋನು ತಟ್ಟೆಗಳುಳ್ಳವರು ‘ಫೋನೋ’ ಎಂಬ ಬಾಯಿಯಿದೆಯೋ ಇಲ್ಲವೋ ಕೇಳಬೇಕು, ಯಾಕೆಂದರೆ ಸಿ.ಡಿ. ಯಂತ್ರವು ೨ ವೋಲ್ಟು ಕೊಡುವಲ್ಲಿ ತಟ್ಟೆಯ ಸೂಜಿಯಿಂದ ಬರುವುದು ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲು ಮಾತ್ರ. ಹಳೆಯ ೭೮ರ ತಟ್ಟೆಗಳು ಎರಡು ಕಿವಿಯ ಸ್ಟೀರಿಯೋ ಅಲ್ಲ, ಒಂದೇ ದನಿಯವು. ಅವನ್ನು ಕೇಳುವವರಿಗೆ ‘ಮೋನೋ’ ಎಂಬ ಗುಂಡಿ ಬಹು ಉಪಕಾರಿ, ಗೀರಿನ ಸದ್ದು ಅದರಿಂದ ತಗ್ಗುವುದು.

ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಹುಡುಕಿದರೆ ಬೇರೊಬ್ಬರು ಬಳಸಿದ ಒಳ್ಳೆಯ ಯಂತ್ರಗಳು ದೊರೆಯುವುದುಂಟು. ಒಳಗಿನ ಕೆಪಾಸಿಟರುಗಳು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಒಣಗುವುದರಿಂದ ದುರಸ್ತಿಯ ಖರ್ಚನ್ನು ಸೇರಿಸಿಯೇ ಬೆಲೆ ಕಟ್ಟಬೇಕು. ಜಪಾನಿನದು ೧೦೦, ಅಮೆರಿಕೆಯದು ೧೨೦ ವೋಲ್ಟಿನವಾಗಿರಬಹುದು. ನಮ್ಮ ೨೩೦ಕ್ಕೆ ನೇರವಾಗಿ ಚುಚ್ಚಿದರೆ ಹೊಗೆಯೇ ಗತಿ.

ನಾವು ಎರಡನೆಯ ಸಲ ತಂದದ್ದು ಹನ್ನೊಂದು ಸಾವಿರದ, ೩೦ ವ್ಯಾಟಿನ, ದೀಪಗಳಿಲ್ಲದ ಕಪ್ಪು ಪೆಟ್ಟಿಗೆ. ಅಂಗಡಿಯಲ್ಲಿ ಮೌನವಾಗಿದ್ದುದು ಮನೆಗೆ ಬಂದು ಟೆಲಿವಿಷನ್ನಿಗೆ ಜೋಡಿಸಿದೊಡನೆ ‘ಗುಂಯ್’ ಎಂದಿತು. ಎದೆ ಧಸಕ್ಕೆಂದಿತು. ನೋಡಲು ಬಂದ ವಿದ್ಯುತ್ ಕೆಲಸದವನು ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ದಪ್ಪನೆಯದನ್ನು ಕಿತ್ತುಬಿಡಿ, ಸದ್ದು ಹೋಗುತ್ತದೆ ಎಂದನು. ಹೋಗುವುದು ನಿಜ, ಆದರೆ ಅದು ಅರ್ತಿನ ಕಡ್ಡಿ. ಒಳಗೆ ತಂತಿ ಬಿಟ್ಟು ಲೋಹದ ಪೆಟ್ಟಿಗೆಗೆ ತಾಗಿದ ದಿನ, ಅದನ್ನು ಮುಟ್ಟಿದವರ ಜೀವ ಉಳಿಸುವುದು ಆ ಕಡ್ಡಿಯೊಂದೇ. ಮುಟ್ಟುವವರು ಕಣ್ಣು ಕಾಣದ ಮುದುಕರೋ ಮಕ್ಕಳೋ ಆಗಿರಬಹುದು. ನಾವು ಒಪ್ಪಲಿಲ್ಲ. ಟೆಲಿವಿಷನ್ನಿಗೆ ಬರುವ ಕೇಬಲ್ ತಂತಿಯನ್ನು ಬಿಚ್ಚಿದಾಗ ಸದ್ದು ತಟ್ಟನೆ ನಿಂತಿತು: ಭೂಮಿಗೆ ಎರಡು ದಾರಿಗಳಾಗಿ, ಅವುಗಳ ನಡುವೆ ೫೦ ಆವರ್ತನೆಯ ವಿದ್ಯುತ್ತು ಸುತ್ತುತ್ತಿತ್ತು. ಟೆಲಿವಿಷನ್ನಿನಿಂದ ಆಂಪ್ಲಿಫೈಯರಿಗೆ ತಾಮ್ರದ ತಂತಿಯ ಬದಲು ಬೆಳಕನ್ನು ಒಯ್ಯುವ ‘ಆಪ್ಟಿಕಲ್’ ತಂತಿಯನ್ನು ಹಾಕಿದೆವು. ಬೆಳಕಿನ ತಂತಿಯಲ್ಲಿ ವಿದ್ಯುತ್ತು ಹರಿಯದಾದಕಾರಣ ರೋಗವು ಬುಡಸಹಿತ ಹೋಯಿತು.

ಆಮೇಲೆ ಮನೆಯಾಕೆ ಕಸೂತಿಯ ವಸ್ತ್ರವೊಂದನ್ನು ಅದರ ಮೇಲೆ ಹೊದಿಸಿದ್ದಳು; ಗಾಳಿಯಾಡುವ ಕಂಡಿಗಳು ಮುಚ್ಚಿಹೋಗುವುದೆಂದು ಹೇಳಿ ತೆಗೆಸಿದೆವು. ಈಗ ಮಧ್ಯಾಹ್ನ ಮೂರೂವರೆಗೆ ತೀರ್ಥರೂಪರು ತಾವೇ ಕರೆಯುತ್ತಾರೆ. ಗುಂಡಿಯು ಕಾಲು ಸುತ್ತನ್ನೂ ದಾಟುವುದಿಲ್ಲ. ಆದರೂ ಒಮ್ಮೊಮ್ಮೆ “ಇನ್ನೂ ಸ್ವಲ್ಪ ಇಳಿಸಪ್ಪಾ, ತಂಬೂರಿ ಕೇಳಲಿ” ಎನ್ನುತ್ತಾರೆ.