ಪ್ರತಿಜನಕವೊಂದೇ ಸಾಲದು

ಕೋವಿಡ್ ಲಸಿಕೆ ಹಾಕಿಸಿಕೊಂಡ ರಾತ್ರಿ ಜ್ವರ, ಮೈಕೈ ನೋವು ಬಂದು ಪ್ಯಾರಾಸಿಟಮಾಲ್ ನುಂಗಿದವರು ನಮ್ಮಲ್ಲಿ ಎಷ್ಟೋ ಮಂದಿ. ಲಸಿಕೆಯಲ್ಲಿ ಜೀವಂತ ಕೊರೊನಾ ವೈರಸ್ ಇರಲಿಲ್ಲ. ಆದರೂ ಮೈ ಕಾದಿತು. ಅದರ ಹಿಂದಿರುವುದು ರೋಗನಿರೋಧಕ ವಿಜ್ಞಾನ ಬಹಳ ತಡವಾಗಿ ಕಂಡುಕೊಂಡ ಒಂದು ಸತ್ಯ.

ವೈರಾಣುವಿನ ಮೈಮೇಲಿನ ಪ್ರೊಟೀನಿನಂಥ ಭಾಗವನ್ನು, ಅಂದರೆ ಪ್ರತಿಜನಕವನ್ನು, ನೋಡಿ ದೇಹ ವೈರಿಯನ್ನು ಗುರುತಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಶುದ್ಧೀಕರಿಸಿದ ಪ್ರೊಟೀನನ್ನಷ್ಟೇ ಚುಚ್ಚಿದರೆ ದೇಹ ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಕಳ್ಳನ ಚಹರೆ ಗೊತ್ತಿದ್ದರೆ ಸಾಲದು, ನಾಯಿ ಬೊಗಳಲೂ ಬೇಕು. ಲಸಿಕೆ ತಯಾರಕರು ಅಲ್ಯೂಮಿನಿಯಂ ಲವಣದಂಥ ಉತ್ತೇಜಕ ಬೆರೆಸುತ್ತಿದ್ದುದು ಇದಕ್ಕೇ. ಅದು ಏಕೆ ಬೇಕು ಎಂಬುದು ಮಾತ್ರ ದಶಕಗಟ್ಟಲೆ ಸ್ಪಷ್ಟವಿರಲಿಲ್ಲ. 1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಒಂದು ಊಹೆ ಮುಂದಿಟ್ಟರು: ಸೂಕ್ಷ್ಮಜೀವಿಗಳ ವಿಶಿಷ್ಟ ಲಕ್ಷಣಗಳನ್ನು ಪತ್ತೆಹಚ್ಚಿ ಅಪಾಯ ಸಾರುವ ಗ್ರಾಹಕಗಳು ನಮ್ಮ ಜೀವಕೋಶಗಳಲ್ಲಿ ಇರಲೇಬೇಕು. ಊಹೆ ನಿಜವಾಯಿತು. ಅವುಗಳಿಗೆ ಟೋಲ್ ಮಾದರಿಯ ಗ್ರಾಹಕಗಳೆಂದು ಹೆಸರು. ಅವುಗಳಲ್ಲಿ 3, 7 ಮತ್ತು 8ನೆಯವು ಕಾದು ಕೂತಿರುವುದು ಆರ್‌ಎನ್‌ಎಗಾಗಿ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟಲಿನ್ ಕರಿಕೋ ಮತ್ತು ಡ್ರೂ ವೈಸ್‌ಮನ್ ಎಡವಿದ್ದು ಈ ಗ್ರಾಹಕಗಳಿಗೇ. ಪ್ರೊಟೀನ್ ತಯಾರಿಸುವ ಸಂದೇಶವನ್ನು ಎಂಆರ್‌ಎನ್‌ಎ ರೂಪದಲ್ಲಿ ಕೋಶಕ್ಕೆ ಕೊಟ್ಟು, ಪ್ರತಿಜನಕವನ್ನು ದೇಹವೇ ತಯಾರಿಸುವಂತೆ ಮಾಡುವುದು ಅವರ ಹಂಬಲ. ಆದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಎಂಆರ್‌ಎನ್‌ಎ ಕೊಟ್ಟೊಡನೆ ದೇಹದ ಕಾವಲುಗಾರರಾದ ಡೆಂಡ್ರಿಟಿಕ್ ಕೋಶಗಳು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತಿದ್ದವು. ಅಪಾಯದ ಕೂಗು ವಿಪರೀತವಾದರೆ ಕೋಶ ಪ್ರೊಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ವಿಚಿತ್ರವೆಂದರೆ ನಮ್ಮದೇ ಕೋಶಗಳಲ್ಲಿರುವ ಟಿಆರ್‌ಎನ್‌ಎ ಎಂಬ ಇನ್ನೊಂದು ಬಗೆಯ ಆರ್‌ಎನ್‌ಎ ಕೊಟ್ಟಾಗ ಈ ಗದ್ದಲವಿರಲಿಲ್ಲ. ಅದರಲ್ಲಿ ರಾಸಾಯನಿಕವಾಗಿ ಮಾರ್ಪಟ್ಟ ಘಟಕಗಳು ಹೇರಳ. ಹಾಗಾಗಿ ಎಂಆರ್‌ಎನ್‌ಎಯಲ್ಲಿ ಯೂರಿಡಿನ್ ಎಂಬ ಘಟಕದ ಬದಲಿಗೆ ಅದರ ಮಾರ್ಪಟ್ಟ ರೂಪವಾದ ಸೂಡೊಯೂರಿಡಿನ್ ಹಾಕಿ ನೋಡಿದರು. ಕೂಗು ತಗ್ಗಿತು. 2005ರಲ್ಲಿ ಪ್ರಬಂಧ ಪ್ರಕಟವಾದಾಗ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. 1995ರಲ್ಲೇ ಹಿಂಬಡ್ತಿಯ ಕಹಿ ಉಂಡಿದ್ದ ಕರಿಕೋ ಕೆಲಸ ಬಿಡಲಿಲ್ಲ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರ ಈ ಹಟದ ಬಗ್ಗೆ ನನಗೆ ಅಪಾರ ಗೌರವ.

ಈಗ ಇದೇ ತಂತ್ರದಿಂದಾದ ಕೋವಿಡ್ ಲಸಿಕೆಯ ಸೂಜಿ ಚುಚ್ಚಿದ ತೋಳನ್ನು ಹತ್ತಿರದಿಂದ ನೋಡೋಣ. ಕೊಬ್ಬಿನ ಸೂಕ್ಷ್ಮ ಗುಳಿಗೆಯೊಳಗೆ ಕೂತ ಎಂಆರ್‌ಎನ್‌ಎ ಕೋಶವನ್ನು ಹೊಕ್ಕು ಕೊರೊನಾ ವೈರಸ್‌ನ ಮೈಮೇಲಿನ ಸ್ಪೈಕ್ ಪ್ರೊಟೀನ್ ಮಾಡಿಸುತ್ತದೆ. 1,273 ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ 986 ಮತ್ತು 987ನೇ ಸ್ಥಾನದಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಕೂರಿಸಲಾಗಿದೆ. ಪ್ರೊಟೀನ್ ಆಕಾರಗೆಡದೆ, ವೈರಸ್ ಮೇಲೆ ಇರುವಂತೆಯೇ ಸೆಟೆದು ನಿಲ್ಲಲೆಂದು ಈ ಏರ್ಪಾಡು. ಅದರ ತುಣುಕುಗಳನ್ನು ಡೆಂಡ್ರಿಟಿಕ್ ಕೋಶಗಳು ಕಂಕುಳಿನ ದುಗ್ಧಗ್ರಂಥಿಗೆ ಹೊತ್ತೊಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಕೆಲವರಿಗೆ ಕಂಕುಳು ಊದಿಕೊಂಡದ್ದು ಇದೇ ಕೆಲಸದಿಂದ. ಟಿ ಕೋಶಗಳ ನೆರವಿನಿಂದ ಬಿ ಕೋಶಗಳು ಪ್ರತಿಕಾಯ ತಯಾರಿಸುತ್ತವೆ. ಮಾರ್ಪಡಿಸಿದ ಆರ್‌ಎನ್‌ಎಯೂ ಪೂರ್ತಿ ಮೌನಿಯಲ್ಲ, ಗುಳಿಗೆಯ ಕೊಬ್ಬೂ ಒಂದಿಷ್ಟು ಎಚ್ಚರಿಕೆ ಹುಟ್ಟಿಸುತ್ತದೆ. ಮೈ ಬಿಸಿಯಾಗುವುದು ಅದರಿಂದಲೇ.

ಈ ಎಚ್ಚರಿಕೆಯ ಹದ ತಪ್ಪಿದರೆ ಏನಾಗುತ್ತದೆ? ಜರ್ಮನಿಯ ಕ್ಯೂರ್‌ವ್ಯಾಕ್ ಕಂಪನಿ ಮಾರ್ಪಡಿಸದ ಎಂಆರ್‌ಎನ್‌ಎಯನ್ನೇ ಬಳಸಿತು. ಕೂಗು ಜೋರಾಗುವುದರಿಂದ ಅದರ ಡೋಸನ್ನು 12 ಮೈಕ್ರೋಗ್ರಾಂಗೆ ಸೀಮಿತಗೊಳಿಸಬೇಕಾಯಿತು. ಆಗ ಫೈಜರ್‌ನದು 30, ಮಾಡರ್ನಾದ್ದು 100 ಇತ್ತು. ಕ್ಯೂರ್‌ವ್ಯಾಕ್ ಲಸಿಕೆಯ ಪರಿಣಾಮ 2021ರ ಪ್ರಯೋಗದಲ್ಲಿ ಸುಮಾರು ಶೇಕಡ 48ಕ್ಕೆ ನಿಂತಿತು. ರೂಪಾಂತರಿ ವೈರಸ್‌ಗಳ ಪಾತ್ರವೂ ಅದರಲ್ಲಿತ್ತು, ನಿಜ. ಆದರೂ ಮಾರ್ಪಾಡಿನ ಬೆಲೆ ಏನೆಂದು ಹಲವರಿಗೆ ಮನವರಿಕೆಯಾದದ್ದು ಆಗಲೇ.

ನಮ್ಮಲ್ಲಿ ಬಹುತೇಕರು ಪಡೆದದ್ದು ಎಂಆರ್‌ಎನ್‌ಎ ಲಸಿಕೆಯಲ್ಲ ಎಂದು ಇದನ್ನು ದೂರದ ಕಥೆ ಎಂದುಕೊಳ್ಳಬೇಡಿ. ಕೋವಿಶೀಲ್ಡ್ ತಂದ ಡಿಎನ್‌ಎಯನ್ನು ನಿಮ್ಮ ಕೋಶಗಳು ಮೊದಲು ಎಂಆರ್‌ಎನ್‌ಎ ಆಗಿ ನಕಲು ಮಾಡಿಕೊಂಡೇ ಸ್ಪೈಕ್ ತಯಾರಿಸಿದವು. ಹೈದರಾಬಾದಿನ ಕೋವ್ಯಾಕ್ಸಿನ್‌ನಲ್ಲಿ ನಿಷ್ಕ್ರಿಯ ವೈರಸ್ ಜೊತೆ ಆಲ್ಜೆಲ್-ಐಎಂಡಿಜಿ ಎಂಬ ಉತ್ತೇಜಕ ಬೆರೆಸಿದ್ದರು; ಆರ್‌ಎನ್‌ಎಯನ್ನು ಪತ್ತೆಹಚ್ಚುವ ಅದೇ 7 ಮತ್ತು 8ನೇ ಗ್ರಾಹಕಗಳನ್ನು ತಟ್ಟಿ ಎಬ್ಬಿಸುವುದು ಅದರ ಕೆಲಸ.