ಲ್ಯುಮೆನ್ ಲೆಕ್ಕ ಬೇರೆ, ಬೆಳಕಿನ ಗುಣ ಬೇರೆ: ಎಲ್‌ಇಡಿ ಟಾರ್ಚ್ ಕೊಳ್ಳುವ ಮುನ್ನ

ಬೆಂಗಳೂರು: 2023ರ ನವೆಂಬರ್ 19, ಬೆಳಗಿನ ಸುಮಾರು 6 ಗಂಟೆಯ ಮಬ್ಬುಗತ್ತಲೆ. ನಗರದ ಪೂರ್ವ ಅಂಚಿನ ಕಾಡುಗೋಡಿ ಬಳಿಯ ಹೋಪ್ ಫಾರ್ಮ್ ವೃತ್ತದಲ್ಲಿ ಪಾದಚಾರಿ ಮಾರ್ಗದ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಯುವ ತಾಯಿ ಹಾಗೂ ಆಕೆಯ ಒಂಬತ್ತು ತಿಂಗಳ ಕೂಸು ಪ್ರಾಣ ಕಳೆದುಕೊಂಡರು. ತಂತಿ ಬೀಳದಂತೆ ನೋಡಿಕೊಳ್ಳುವುದು ಪಾದಚಾರಿಯ ಹೊಣೆಯಲ್ಲ. ಆದರೆ ಕಾಲಿಡುವ ಜಾಗ ಕಣ್ಣಿಗೆ ಕಾಣುವುದು ಎಷ್ಟು ಮುಖ್ಯವೆಂಬುದನ್ನು ಆ ದುರಂತ ನೆನಪಿಸಿತು.

1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪ ಬೆಳಗಿಸಿಕೊಂಡ ನಗರವಿದು. ಆದರೂ ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟರೆ ಬಡಾವಣೆಗಳಲ್ಲಿ ಟಾರ್ಚೇ ಗತಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆ ಜಲಾವೃತವಾದಾಗ ಪೂರ್ವ ಭಾಗದ ನಿವಾಸಿಗಳಿಗೆ ಇದು ಅನುಭವಕ್ಕೆ ಬಂದಿದೆ. ಶಿವಾಜಿನಗರದ ಬೀದಿ ಅಂಗಡಿಯಿಂದ ಹಿಡಿದು ಇಂದಿರಾನಗರದ ದೊಡ್ಡ ಮಳಿಗೆಯವರೆಗೆ ಈಗ ಎಲ್‌ಇಡಿ ಟಾರ್ಚ್‌ಗಳದೇ ಕಾರುಬಾರು. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವುದು ಹೇಗೆಂಬುದೇ ಗ್ರಾಹಕರ ಮುಂದಿರುವ ಪ್ರಶ್ನೆ.

ಬಲ್ಬಿನಿಂದ ಎಲ್‌ಇಡಿಗೆ

ಎರಡು ದಪ್ಪ ಸೆಲ್ ಹಾಕುತ್ತಿದ್ದ ಹಳೆಯ ಹಿತ್ತಾಳೆ ಟಾರ್ಚಿನಲ್ಲಿ ತಂತಿ ಕಾಯಿಸಿ ಬೆಳಕು ಪಡೆಯಲಾಗುತ್ತಿತ್ತು. ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯಯವಾಗುತ್ತಿತ್ತು. 1990ರ ದಶಕದ ಆರಂಭದಲ್ಲಿ ಜಪಾನಿನಲ್ಲಿ ಪ್ರಖರ ನೀಲಿ ಎಲ್‌ಇಡಿ ಸಿದ್ಧವಾಯಿತು. ಅದರ ಮೇಲೆ ಹಳದಿ ಫಾಸ್ಫರ್ ಲೇಪ ಹಚ್ಚಿ ಬಿಳಿ ಬೆಳಕು ಪಡೆಯುವ ವಿಧಾನ ಬಂದ ಬಳಿಕ ಟಾರ್ಚಿನ ಸ್ವರೂಪವೇ ಬದಲಾಯಿತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೋ ಮತ್ತು ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಲ್ಯುಮೆನ್ ಎಂದರೇನು, ಕ್ಯಾಂಡೆಲಾ ಎಂದರೇನು?

ಟಾರ್ಚ್ ಹೊರಸೂಸುವ ಒಟ್ಟು ಬೆಳಕಿನ ಅಳತೆ ಲ್ಯುಮೆನ್. ಆ ಬೆಳಕು ಒಂದು ದಿಕ್ಕಿನಲ್ಲಿ ಎಷ್ಟು ಸಾಂದ್ರವಾಗಿದೆ ಎಂಬುದರ ಅಳತೆ ಕ್ಯಾಂಡೆಲಾ. ಒಂದು ಬಿಂದಿಗೆ ನೀರನ್ನು ಅಂಗಳಕ್ಕೆಲ್ಲ ಚಿಮುಕಿಸಬಹುದು; ಅದೇ ನೀರನ್ನು ಕೊಳವೆಯಿಂದ ದೂರಕ್ಕೂ ಚಿಮ್ಮಿಸಬಹುದು. ನೀರಿನ ಪ್ರಮಾಣ ಲ್ಯುಮೆನ್ ಆದರೆ, ಚಿಮ್ಮುವ ರಭಸ ಕ್ಯಾಂಡೆಲಾ.

ಅಮೆರಿಕದಲ್ಲಿ 2009ರಲ್ಲಿ ಜಾರಿಗೆ ಬಂದ ಎಫ್‌ಎಲ್-1 ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳ ಮಟ್ಟಕ್ಕೆ, ಇಳಿಯುವ ದೂರವೇ ಟಾರ್ಚಿನ ವ್ಯಾಪ್ತಿ. 10,000 ಕ್ಯಾಂಡೆಲಾದ ಟಾರ್ಚಿಗೆ ಇದು 200 ಮೀಟರ್. 400 ಮೀಟರ್ ಬೇಕಾದರೆ 20,000 ಸಾಲದು, 40,000 ಕ್ಯಾಂಡೆಲಾ ಬೇಕು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಕುಗ್ಗುವುದೇ ಇದಕ್ಕೆ ಕಾರಣ. ಆದ್ದರಿಂದ 500 ಲ್ಯುಮೆನ್‌ನ ಒಂದು ಟಾರ್ಚ್ 1,000 ಲ್ಯುಮೆನ್‌ನ ಮತ್ತೊಂದನ್ನು ದೂರದಲ್ಲಿ ಸೋಲಿಸಬಲ್ಲದು.

ಇನ್ನೊಂದು ಅಂಶ ಗಮನಾರ್ಹ. ಬೆಳದಿಂಗಳ ಮಟ್ಟದ ಬೆಳಕಿನಲ್ಲಿ ಆಕಾರ ಕಂಡೀತೇ ಹೊರತು ನೆಲದ ಮೇಲಿನ ತಂತಿ ಕಾಣುವುದು ಕಷ್ಟ. ಪೆಟ್ಟಿಗೆಯ ಮೇಲೆ ಬರೆದ ದೂರ ಬಳಕೆಗೆ ಒದಗುವ ದೂರವಲ್ಲ.

ಮೂರು ಬಗೆಯ ಬೆಳಕು

ಆಳವಾದ, ನುಣುಪಾದ ಪ್ರತಿಫಲಕವುಳ್ಳ ಟಾರ್ಚ್ ನಡುವೆ ಪ್ರಖರ ವೃತ್ತವನ್ನೂ ಸುತ್ತ ಮಂದ ಬೆಳಕನ್ನೂ ಬೀರುತ್ತದೆ. ಬಯಲಿನ ಆಚೆ ಅಂಚು ನೋಡಲು, ಕಾವಲು ಕಾಯಲು ಇದು ಸೂಕ್ತ. ಕಿತ್ತಳೆ ಸಿಪ್ಪೆಯಂತೆ ತರಿತರಿಯಾದ ಪ್ರತಿಫಲಕದಲ್ಲಿ ನಡುವಿನ ವೃತ್ತ ಮೃದುವಾಗಿ ಸುತ್ತಲಿನ ಬೆಳಕಿನೊಡನೆ ಬೆರೆಯುತ್ತದೆ. ನಡಿಗೆಗೆ ಇದು ಹಿತಕರ. ಮಸೂರ ಹಿಂದೆ ಮುಂದೆ ಸರಿಸುವ ಝೂಮ್ ಟಾರ್ಚಿನಲ್ಲಿ ಬೆಳಕನ್ನು ಪೂರ್ತಿ ಕೇಂದ್ರೀಕರಿಸಿದಾಗ ಎಲ್‌ಇಡಿಯದೇ ಚೌಕಾಕಾರದ ಬಿಂಬ ಮೂಡುತ್ತದೆ, ಅಕ್ಕಪಕ್ಕ ಕತ್ತಲೆ. ದೂರದ ಗೋಡೆ ಕಂಡರೂ ಕಾಲ ಬಳಿಯ ತೆರೆದ ಚರಂಡಿ ಕಾಣದು.

ಕಂಟೋನ್ಮೆಂಟಿನ ಮರಗಳ ಸಾಲಿನ ರಸ್ತೆಯಲ್ಲಾಗಲಿ, ಹಲಸೂರಿನ ಕಿರುಗಲ್ಲಿಯಲ್ಲಾಗಲಿ, ಕೆ.ಆರ್. ಪುರದ ಸರ್ವಿಸ್ ರಸ್ತೆಯಲ್ಲಾಗಲಿ ನಡೆಯುವವರಿಗೆ ಬೇಕಿರುವುದು ಮುಂದಿನ ಹತ್ತು ಮೀಟರ್ ನೆಲವನ್ನು ಸಮವಾಗಿ ತೋರುವ ಅಗಲ ಬೆಳಕು. ಇದಕ್ಕೆ 100ರಿಂದ 200 ಲ್ಯುಮೆನ್ ಧಾರಾಳ. ಸಾವಿರಾರು ಲ್ಯುಮೆನ್ ಬೆಳಕು ಹತ್ತಿರದ ಗೋಡೆಗೆ ಬಡಿದು ಹಿಂದಿರುಗಿ ಕಣ್ಣನ್ನೇ ಕುಕ್ಕುತ್ತದೆ. ಎದುರಿನ ದ್ವಿಚಕ್ರ ಸವಾರನ ಕಣ್ಣಿಗೆ ಬಿದ್ದರಂತೂ ಅಪಘಾತಕ್ಕೆ ಆಹ್ವಾನ. ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನವರು ಪ್ರಬಲ ಟಾರ್ಚನ್ನು ಆಕಾಶದತ್ತ ಹಿಡಿಯದಿರುವುದೇ ಲೇಸು.

ಬೆಳಕಿನ ಬಣ್ಣವೂ ಮುಖ್ಯ. ನೀಲಿ ಛಾಯೆಯ ತೀಕ್ಷ್ಣ ಬಿಳಿ ಬೆಳಕಿನಲ್ಲಿ ತರಗೆಲೆ, ತುಕ್ಕು ಹಿಡಿದ ಕಂಬಿ, ಕಂದು ಹಾವು ಇವುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಬಣ್ಣ ನಿರೂಪಣಾ ಸೂಚ್ಯಂಕ 90ಕ್ಕಿಂತ ಹೆಚ್ಚಿರುವ ಎಲ್‌ಇಡಿಯಲ್ಲಿ ಬಣ್ಣಗಳು ಹಗಲಿನಂತೆಯೇ ತೋರುತ್ತವೆ; ಆದರೆ ಲ್ಯುಮೆನ್ ಕೊಂಚ ತಗ್ಗುತ್ತದೆ.

ಕೈಗೆ ಒಗ್ಗುವುದೇ?

ಅಂಗೈಯಗಲದ ಟಾರ್ಚ್ ತನ್ನ ಗರಿಷ್ಠ ಬೆಳಕನ್ನು ಬಹಳ ಹೊತ್ತು ನೀಡಲಾರದು. ಶಾಖ ಏರಿದಂತೆ ಒಳಗಿನ ಮಂಡಲವೇ ಕೆಲವು ನಿಮಿಷಗಳಲ್ಲಿ ಬೆಳಕನ್ನು ತಗ್ಗಿಸುತ್ತದೆ. ಎಫ್‌ಎಲ್-1ರಲ್ಲಿ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನ ಅವಧಿಯನ್ನು ಉರಿಯುವ ಸಮಯವೆಂದು ಲೆಕ್ಕ ಹಾಕಲಾಗುತ್ತದೆ. ಹೀಗಾಗಿ "10 ಗಂಟೆ" ಎಂಬ ಬರಹವನ್ನು ಪೂರ್ಣ ಪ್ರಖರತೆಯ 10 ಗಂಟೆ ಎಂದು ಭಾವಿಸಬಾರದು.

ಗುಂಡಿ ಹಿಂಬದಿಯಲ್ಲಿದ್ದರೆ ಕತ್ತಲಲ್ಲೂ ಹೆಬ್ಬೆರಳಿಗೆ ಸಿಗುತ್ತದೆ. ಪಕ್ಕದಲ್ಲಿದ್ದರೆ ಬೆಳಕಿನ ಮಟ್ಟ ಬದಲಿಸುವುದು ಸುಲಭವಾದರೂ ಚೀಲದಲ್ಲಿ ತಾನಾಗಿ ಹೊತ್ತಿಕೊಂಡು ಬಿಸಿಯಾಗುವ ಅಪಾಯವಿದೆ. ಬೀಗ ಹಾಕುವ ಸೌಲಭ್ಯ ಇದೆಯೇ ಎಂದು ಪರಿಶೀಲಿಸಬೇಕು. ಮಳೆಯಲ್ಲಿ ಕೊಡೆ, ಕೈಯಲ್ಲಿ ಮಗು ಇದ್ದಾಗ ಹಣೆಗೆ ಕಟ್ಟುವ ದೀಪವೇ ಮೇಲು. ಐಪಿಎಕ್ಸ್-7 ಗುರುತಿದ್ದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಾಳುತ್ತದೆ ಎಂದರ್ಥ.

ಸೆಲ್ ಬಗ್ಗೆ ಎಚ್ಚರ

ಬಹುತೇಕ ಪ್ರಬಲ ಟಾರ್ಚ್‌ಗಳಲ್ಲಿರುವುದು 18650 ಎಂಬ ಲಿಥಿಯಂ ಸೆಲ್: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಉತ್ತಮ ಸೆಲ್‌ನ ಸಾಮರ್ಥ್ಯ ಸುಮಾರು 3,500 ಮಿಲಿಆಂಪಿಯರ್ ಅವರ್. ಅದರ ಮೇಲೆ 9,900 ಎಂದು ಮುದ್ರಿಸಿದ್ದರೆ ಅದು ಸುಳ್ಳು ಎಂದೇ ತಿಳಿಯಬೇಕು. ಹೊರಕವಚ ಹರಿದ, ಉಬ್ಬಿದ ಸೆಲ್ ಬಳಸಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಹಳೆಯ ಸೆಲ್‌ಗಳನ್ನು ಮನೆಯ ಕಸದೊಡನೆ ಬೆರೆಸದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನೀಡಬೇಕು.

ಕೊಳ್ಳುವ ಮುನ್ನ ಅಂಗಡಿಯ ಕತ್ತಲ ಮೂಲೆಯಲ್ಲಿ ಟಾರ್ಚನ್ನು ಗೋಡೆಗಲ್ಲ, ನೆಲಕ್ಕೆ ಹಿಡಿದು ನೋಡುವುದು ಒಳಿತು. ಮನೆಯಲ್ಲಿಟ್ಟ ಟಾರ್ಚನ್ನು ತಿಂಗಳಿಗೊಮ್ಮೆ ಚಾರ್ಜ್ ಪರಿಶೀಲಿಸಿ, ಕತ್ತಲಲ್ಲೂ ಕೈಗೆ ಸಿಗುವ ಒಂದೇ ಜಾಗದಲ್ಲಿ ಇಡಬೇಕು.

ಕೊನೆಯದಾಗಿ, ಟಾರ್ಚ್ ತಂತಿಯನ್ನು ತೋರಿಸೀತು. ಅದರಲ್ಲಿ ವಿದ್ಯುತ್ ಹರಿಯುತ್ತಿದೆಯೇ ಎಂಬುದನ್ನು ಯಾವ ಟಾರ್ಚೂ ಹೇಳದು. ಬಿದ್ದ ತಂತಿ ಅಥವಾ ನೀರಿನಲ್ಲಿ ನಿಂತ ವಿದ್ಯುತ್ ಕಂಬ ಕಂಡಲ್ಲಿ ದೂರ ನಿಂತು, ಇತರರನ್ನೂ ತಡೆದು, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡುವುದೇ ಸರಿಯಾದ ಕ್ರಮ.